ದುರಾ-ಯೂರೋಪೋಸ್‌ನ ಸುವಾರ್ತೆ ತುಣುಕು: ಕಾಲ ಎಷ್ಟು ಖಚಿತ, ಕೃತಿ ಎಷ್ಟು ಖಚಿತ?

ಪ್ರಶ್ನೆ
ಇತಿಹಾಸ ಬೋಧಕ, ಮಡಿಕೇರಿ

ಸಿರಿಯಾದಲ್ಲಿ, ಯೂಫ್ರೆಟಿಸ್ ನದಿಯ ಪಶ್ಚಿಮ ದಂಡೆಯ ಮೇಲಿರುವ ದುರಾ-ಯೂರೋಪೋಸ್ ಎಂಬ ಪಾಳುನಗರದಲ್ಲಿ 1933ರ ಮಾರ್ಚ್ ತಿಂಗಳಲ್ಲಿ ದೊರೆತ ಒಂದು ಸಣ್ಣ ಚರ್ಮದ ಹಾಳೆಯ ಬಗ್ಗೆ ಇಲ್ಲಿನ ತಿಳಿದವರನ್ನು ಕೇಳಬೇಕೆಂದಿದ್ದೇನೆ. ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳ ಪಟ್ಟಿಯಲ್ಲಿ ಅದಕ್ಕೆ 0212 ಎಂಬ ಸಂಖ್ಯೆಯಿದೆ. ಈಗ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನಿಕಿ ಗ್ರಂಥಾಲಯದಲ್ಲಿದೆ. ಉದ್ದಗಲ ಸುಮಾರು 10.5 ಮತ್ತು 9.5 ಸೆಂಟಿಮೀಟರ್. ಒಂದು ಬದಿಯಲ್ಲಿ 14 ಸಾಲು ಬರಹ, ಇನ್ನೊಂದು ಬದಿ ಖಾಲಿ. ಯೇಸುವಿನ ಮರಣದ ಸಂಜೆ ಅರಿಮಥಾಯದ ಯೋಸೇಫನು ಬರುವ ಪ್ರಸಂಗ ಅದರಲ್ಲಿದೆ. ಇದನ್ನು ಕ್ರಿ.ಶ. 256ಕ್ಕಿಂತ ಹಿಂದಿನದೆಂದೂ, ನಾಲ್ಕು ಸುವಾರ್ತೆಗಳನ್ನು ಒಂದೇ ಕಥೆಯಾಗಿ ಹೆಣೆದ ತಾತಿಯಾನನ ‘ದಿಯಾತೆಸ್ಸರೋನ್’ ಎಂಬ ಕೃತಿಯ ಭಾಗವೆಂದೂ ಹಲವು ಕಡೆ ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ಹದಿನಾಲ್ಕು ಸಾಲಿನಿಂದ ಇವೆರಡನ್ನೂ ಇಷ್ಟು ಧೈರ್ಯದಿಂದ ಹೇಳುವುದು ಹೇಗೆ?

ನನ್ನ ಸಂಶಯಕ್ಕೆ ನಮ್ಮ ಜಿಲ್ಲೆಯಲ್ಲೇ ಕಾರಣವಿದೆ. ಮಡಿಕೇರಿಯಲ್ಲಿ ದೊರೆತ, ಗಂಗರ ಅವಿನೀತನ ಹೆಸರಿನ ತಾಮ್ರಪಟದಲ್ಲಿ 388 ಎಂಬ ವರ್ಷವನ್ನು ಕೊಟ್ಟಿದೆ. ಅದನ್ನು ಶಕವರ್ಷವೆಂದು ಹಿಡಿದರೆ ಕ್ರಿ.ಶ. 466 ಆಗುತ್ತದೆ. ಆದರೆ ಅಕ್ಷರಗಳ ಮಾಟವನ್ನು ನೋಡಿದ ಹಲವು ವಿದ್ವಾಂಸರು ಇದು ಅಷ್ಟು ಹಳೆಯದಲ್ಲ, ಶತಮಾನಗಳ ನಂತರ ಹಳೆಯ ದಾನವೊಂದರ ಹೆಸರಿನಲ್ಲಿ ಬರೆಸಿದ್ದು ಎಂದು ವಾದಿಸಿದರು. ವರ್ಷವನ್ನು ಕೆತ್ತಿರುವ ಲೋಹದ ಹಾಳೆಯ ಗತಿಯೇ ಹೀಗಿರುವಾಗ, ತಾರೀಖಾಗಲಿ ಬರೆದವನ ಹೆಸರಾಗಲಿ ಇಲ್ಲದ ಚರ್ಮದ ಚೂರನ್ನು ಕುರಿತು ಇಷ್ಟು ಖಚಿತವಾಗಿ ಮಾತನಾಡುವುದು ನನಗೆ ಒಗ್ಗುತ್ತಿಲ್ಲ. ಗ್ರೀಕ್ ನನಗೆ ಬಾರದು. ದಯವಿಟ್ಟು ಆಧಾರಸಹಿತ ವಿವರಿಸಿ.


ಉತ್ತರ
ಪುರಾತತ್ತ್ವ ವಿದ್ಯಾರ್ಥಿ, ವಿರಾಜಪೇಟೆ

ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕಟ್ಟಿದ್ದೀರಿ. ಬಿಡಿಸಿದರೆ ಒಂದು ಗಟ್ಟಿ, ಇನ್ನೊಂದು ಸಡಿಲ. ನಾನು ಕಾಲದ ವಿಷಯವನ್ನಷ್ಟೇ ಹೇಳುತ್ತೇನೆ, ಪಠ್ಯದ ವಿಷಯವನ್ನು ಗ್ರೀಕ್ ಓದಬಲ್ಲವರಿಗೆ ಬಿಡುತ್ತೇನೆ.

ಆರಂಭಕಾಲದ ಬಹುಪಾಲು ಕ್ರೈಸ್ತ ಹಸ್ತಪ್ರತಿಗಳು ಈಜಿಪ್ಟಿನಲ್ಲಿ ದೊರೆತವು. ಎಷ್ಟೋ ಪ್ರತಿಗಳು ವ್ಯಾಪಾರಿಗಳ ಕೈಯಿಂದ ಬಂದವು. ಯಾವ ಮಣ್ಣಿನ ಯಾವ ಪದರದಲ್ಲಿ ಇದ್ದವೆಂಬುದಕ್ಕೆ ದಾಖಲೆಯಿಲ್ಲ. ಹೀಗಾಗಿ ಅವುಗಳ ಕಾಲವನ್ನು ಅಕ್ಷರದ ರೂಪ ನೋಡಿ ಊಹಿಸುತ್ತಾರೆ. ಮ್ಯಾಂಚೆಸ್ಟರಿನ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ, ಯೋಹಾನನ ಸುವಾರ್ತೆಯ ಪ್ರಸಿದ್ಧ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಚೂರು ಅಂಥದ್ದು. ಅದನ್ನು 1935ರಲ್ಲಿ ಪ್ರಕಟಿಸಿದಾಗ ಎರಡನೆಯ ಶತಮಾನದ ಮೊದಲರ್ಧದ್ದೆಂದರು. ಈಗ, ಆ ಬಗೆಯ ಕೈಬರಹ ಮೂರನೆಯ ಶತಮಾನದವರೆಗೂ ಎಳೆಯಬಹುದಾದದ್ದು ಎಂಬ ವಾದವಿದೆ. ನಿಮ್ಮ ತಾಮ್ರಪಟದ ಜಗಳವೂ ಅಕ್ಷರದ ಮಾಟವನ್ನು ನೆಚ್ಚಿದ್ದೇ, ಅಲ್ಲವೇ?

ದುರಾದ ಹಾಳೆಯ ಕಾಲ ಅಕ್ಷರದಿಂದ ಬಂದದ್ದಲ್ಲ, ಮಣ್ಣಿನಿಂದ ಬಂದದ್ದು. ನಗರ ಸೆಲ್ಯೂಕಸ್ ವಂಶದವರು ಕ್ರಿ.ಪೂ. 300ರ ಸುಮಾರಿಗೆ ಕಟ್ಟಿಸಿದ್ದು. ನಂತರ ಪಾರ್ಥಿಯರ ಕೈಯಲ್ಲಿತ್ತು, ಕ್ರಿ.ಶ. 165ರ ಸುಮಾರಿಗೆ ರೋಮನರಿಗೆ ಸೇರಿತು. ಮೂರು ಕಡೆ ನದಿ ಮತ್ತು ಕೊರಕಲುಗಳ ಕಾವಲು, ಪಶ್ಚಿಮಕ್ಕೆ ಮಾತ್ರ ಬಯಲು. ಪರ್ಷಿಯದ ಸಾಸಾನಿ ದೊರೆ ಒಂದನೆಯ ಶಾಪುರನ ದಾಳಿ ಬರುವುದು ನಿಶ್ಚಯವಾದಾಗ ರೋಮನ್ ಸೈನಿಕರು ಆ ಪಶ್ಚಿಮದ ಗೋಡೆಯನ್ನು ಒಳಗಿನಿಂದ ಗಟ್ಟಿ ಮಾಡಲು, ಗೋಡೆಗೆ ತಾಗಿದ ಬೀದಿಯನ್ನೂ ಅದರ ಪಕ್ಕದ ಮನೆಗಳನ್ನೂ ಮಣ್ಣು, ಕಸ ಮತ್ತು ಹಸಿ ಇಟ್ಟಿಗೆಗಳಿಂದ ತುಂಬಿ ದೊಡ್ಡ ದಿಬ್ಬವನ್ನೇ ಎಬ್ಬಿಸಿದರು. ಗೋಡೆಚಿತ್ರಗಳಿಂದ ಹೆಸರಾದ ಯೆಹೂದ್ಯರ ಸಭಾಮಂದಿರವೂ, ಕ್ರೈಸ್ತರು ಪ್ರಾರ್ಥನೆಗೆ ಬಳಸುತ್ತಿದ್ದ ಮನೆಯೂ ಆ ದಿಬ್ಬದ ಅಡಿಯಲ್ಲೇ ಹೂತುಹೋದವು. ಪರ್ಷಿಯನರು ಕೋಟೆಯ ಬುರುಜುಗಳ ಕೆಳಗೆ ಸುರಂಗ ಕೊರೆದ ಗುರುತುಗಳೂ ಉತ್ಖನನದಲ್ಲಿ ಕಂಡಿವೆ. ನಗರ ಬಿದ್ದದ್ದು 256ರ ಸುಮಾರಿಗೆ. ಈ ಹಾಳೆ ಸಿಕ್ಕಿದ್ದು ಆ ದಿಬ್ಬದ ಮಣ್ಣಿನೊಳಗೆ. ಆದ್ದರಿಂದ ದಿಬ್ಬ ಎದ್ದ ದಿನಕ್ಕಿಂತ ಮೊದಲೇ ಅದನ್ನು ಬರೆದಿರಲೇಬೇಕು.

ಆದರೆ ಇದು ಮೇಲಿನ ಗಡಿ ಮಾತ್ರ. ಕೆಳಗಿನ ಗಡಿಯನ್ನು ಮಣ್ಣು ಹೇಳುವುದಿಲ್ಲ. ದಿಬ್ಬಕ್ಕೆ ಕಸವಾಗಿ ಬೀಳುವ ಹೊತ್ತಿಗೆ ಹಾಳೆ ಹತ್ತು ವರ್ಷ ಹಳೆಯದಾಗಿತ್ತೋ ಐವತ್ತು ವರ್ಷ ಹಳೆಯದಾಗಿತ್ತೋ ಎಂಬುದಕ್ಕೆ ಮತ್ತೆ ಕೈಬರಹವನ್ನೇ ಆಶ್ರಯಿಸಬೇಕು. ಇನ್ನೊಂದು ಮಾತು: ಹಾಳೆಯನ್ನು ಕ್ರೈಸ್ತರ ಆ ಮನೆಯೊಳಗೇ ಸಿಕ್ಕಿದಂತೆ ಬರೆಯುವವರಿದ್ದಾರೆ. ಹಾಗಲ್ಲ. ಅದು ಸಿಕ್ಕಿದ್ದು ಬೇರೊಂದು ಕೇರಿಯ ಎದುರಿನ ದಿಬ್ಬದಲ್ಲಿ. ಆ ಮನೆಯಿಂದಲೇ ಬಂದಿರಬಹುದು ಎನ್ನುವುದು ಊಹೆ, ಒಪ್ಪಬಹುದಾದ ಊಹೆ, ಅಷ್ಟೇ.


ಉತ್ತರ
ಗ್ರೀಕ್ ಓದುಗ, ಗೋಣಿಕೊಪ್ಪ

ಗುರುಮಠದಲ್ಲಿ ಕಲಿತ ಗ್ರೀಕ್ ನನ್ನದು. ಆ ಬಲದ ಮೇಲೆ ಪಠ್ಯದ ಬಗ್ಗೆ ಬರೆಯುತ್ತೇನೆ.

ಹಾಳೆಯ ಒಂದು ಅಂಚು ಹರಿದಿರುವುದರಿಂದ ಸಾಲುಗಳಲ್ಲಿ ಕೆಲವು ಅಕ್ಷರಗಳು ಹೋಗಿವೆ. ಅವನ್ನು ಸಂಪಾದಕರು ತುಂಬಿಕೊಂಡಿದ್ದಾರೆ. ಉಳಿದದ್ದರ ಸಾರ ಹೀಗಿದೆ. ಮೊದಲಿಗೆ ಜೆಬೆದಾಯನ ಹೆಸರು, ಆಮೇಲೆ ಸಲೋಮೆ, ಆಮೇಲೆ ಗಲಿಲಾಯದಿಂದ ಯೇಸುವನ್ನು ಹಿಂಬಾಲಿಸಿ ಬಂದವರ ಕಡೆಯ ಸ್ತ್ರೀಯರು ಶಿಲುಬೆಗೇರಿದವನನ್ನು ನೋಡುತ್ತಿರುವುದು. ಅದು ಸಬ್ಬತ್ತಿಗೆ, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನಕ್ಕೆ, ಸಿದ್ಧತೆಯ ದಿನವೆಂಬ ಮಾತು. ಸಂಜೆಯಾದಾಗ ಯೂದಾಯದ ಒಂದು ಊರಿನವನೂ ಆಲೋಚನಾ ಸಭೆಯ ಸದಸ್ಯನೂ ಒಳ್ಳೆಯವನೂ ನೀತಿವಂತನೂ ಆದ ಯೋಸೇಫನೆಂಬವನು ಬಂದದ್ದು. ಅವನು ಯೇಸುವಿನ ಶಿಷ್ಯನಾಗಿದ್ದರೂ ಯೆಹೂದ್ಯರ ಭಯದಿಂದ ಗುಟ್ಟಾಗಿ ಇದ್ದದ್ದು. ದೇವರ ರಾಜ್ಯವನ್ನು ಎದುರುನೋಡುತ್ತಿದ್ದದ್ದು. ಸಭೆಯ ತೀರ್ಮಾನಕ್ಕೆ ಅವನು ಒಪ್ಪಿರಲಿಲ್ಲವೆಂಬಲ್ಲಿ ಹಾಳೆ ಮುಗಿಯುತ್ತದೆ.

ಈಗ ಮನೆಯಲ್ಲಿರುವ ಯಾವುದೇ ಕನ್ನಡ ಬೈಬಲನ್ನು ತೆರೆದು ಪಕ್ಕದಲ್ಲಿಟ್ಟುಕೊಳ್ಳಿ. ಶಿಲುಬೆಯ ಬಳಿಯಿದ್ದ ಸ್ತ್ರೀಯರ ಪಟ್ಟಿಯಲ್ಲಿ ಜೆಬೆದಾಯನನ್ನು ಹೆಸರಿಸುವವನು ಮತ್ತಾಯ. ಸಲೋಮೆಯನ್ನು ಹೆಸರಿಸುವವನು ಮಾರ್ಕ. ಊರು ಯೂದಾಯದ್ದೆಂದೂ ಯೋಸೇಫನು ಒಳ್ಳೆಯವನು, ನೀತಿವಂತನು, ತೀರ್ಮಾನಕ್ಕೆ ಒಪ್ಪದವನು ಎಂದೂ ಹೇಳುವವನು ಲೂಕ. ಭಯದಿಂದ ಗುಟ್ಟಾಗಿ ಶಿಷ್ಯನಾಗಿದ್ದ ಸಂಗತಿ ಯೋಹಾನನಲ್ಲಿ ಮಾತ್ರ ಇದೆ. ಯಾರೋ ನಾಲ್ಕು ಪುಸ್ತಕಗಳನ್ನೂ ಎದುರಿಗಿಟ್ಟುಕೊಂಡು, ಒಂದರ ಮಾತು ಇನ್ನೊಂದಕ್ಕೆ ಅಡ್ಡಬಾರದಂತೆ ಎಳೆಎಳೆಯಾಗಿ ಹೆಣೆದ ಬರಹ ಇದು ಎಂಬುದರಲ್ಲಿ ಸಂಶಯವಿಲ್ಲ. ಹದಿನಾಲ್ಕು ಸಾಲು ಸಾಲದು ಎಂಬ ನಿಮ್ಮ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ: ಬಿಡಿ ಪ್ರತಿಯನ್ನು ಗುರುತಿಸಲು ಸಾಲುಗಳ ಸಂಖ್ಯೆ ಮುಖ್ಯವಲ್ಲ, ಸಾಲುಗಳಲ್ಲಿ ಏನಿದೆ ಎಂಬುದು ಮುಖ್ಯ. ಇಷ್ಟು ಚಿಕ್ಕ ಜಾಗದಲ್ಲಿ ನಾಲ್ವರೂ ಕಾಣಿಸಿಕೊಳ್ಳುವುದು ಅಕಸ್ಮಾತ್ತಾಗಿ ಆಗುವಂಥದ್ದಲ್ಲ.

ಬರೆದವನು ಕ್ರೈಸ್ತ ಲಿಪಿಕಾರರ ಪದ್ಧತಿಯನ್ನು ಬಲ್ಲವನು. ಯೇಸುವಿನ ಹೆಸರನ್ನು ಪೂರ್ತಿ ಬರೆಯದೆ ಮೊದಲಿನ ಎರಡು ಅಕ್ಷರಗಳನ್ನು, ಅಂದರೆ ಅಯೋಟ ಮತ್ತು ಈಟಗಳನ್ನು ಮಾತ್ರ ಬರೆದು ಮೇಲೊಂದು ಅಡ್ಡಗೆರೆ ಎಳೆದಿದ್ದಾನೆ. ದೇವರೆಂಬ ಪದವನ್ನೂ ಹಾಗೆಯೇ ಸಂಕ್ಷೇಪಿಸಿದ್ದಾನೆ. ಯೇಸುವಿನ ಹೆಸರನ್ನು ಹೀಗೆ ಮೊದಲೆರಡು ಅಕ್ಷರಗಳಲ್ಲಿ ಬರೆಯುವುದು ಆರಂಭಕಾಲದ ಪ್ರತಿಗಳಲ್ಲಿ ಕಾಣುವ ರೂಢಿ. ಮೊದಲ ಮತ್ತು ಕೊನೆಯ ಅಕ್ಷರಗಳನ್ನು ಬರೆಯುವ ಪದ್ಧತಿ ಮುಂದೆ ಗಟ್ಟಿಯಾಯಿತು.

ಇಷ್ಟರಿಂದ ‘ಇದು ಸುವಾರ್ತೆಗಳ ಹೆಣಿಗೆ’ ಎನ್ನಬಹುದು. ‘ಇದು ತಾತಿಯಾನನ ಹೆಣಿಗೆ’ ಎನ್ನಬೇಕಾದರೆ ತಾತಿಯಾನನ ಪುಸ್ತಕ ನಮ್ಮ ಮುಂದಿರಬೇಕು, ಅದೇ ಇಲ್ಲ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಅವನು ಅದನ್ನು ರಚಿಸಿದ. ಸಿರಿಯಾದ ಕ್ರೈಸ್ತ ಸಭೆಗಳಲ್ಲಿ ಐದನೆಯ ಶತಮಾನದವರೆಗೂ ಅದು ಬಳಕೆಯಲ್ಲಿತ್ತು. ಕೀರಸ್ ನಗರದ ಬಿಷಪ್ ಥಿಯೊಡೊರೆಟ್ ತನ್ನ ಪ್ರಾಂತದ ಸಭೆಗಳಿಂದ ಇನ್ನೂರಕ್ಕೂ ಹೆಚ್ಚು ಪ್ರತಿಗಳನ್ನು ಒಟ್ಟುಮಾಡಿ ತೆಗೆದುಹಾಕಿ, ಬದಲಿಗೆ ನಾಲ್ಕು ಸುವಾರ್ತೆಗಳನ್ನು ತಂದಿಟ್ಟೆನೆಂದು ತಾನೇ ಬರೆದುಕೊಂಡಿದ್ದಾನೆ. ಇಂದು ನಮಗಿರುವುದು ನಾಲ್ಕನೆಯ ಶತಮಾನದ ಸಿರಿಯಾಕ್ ಲೇಖಕ ಎಫ್ರೇಮನು ಅದಕ್ಕೆ ಬರೆದ ವ್ಯಾಖ್ಯಾನ, ಅರಬ್ಬಿ ಅನುವಾದ, ಮತ್ತೆ ಪಶ್ಚಿಮದಲ್ಲಿ ಅದರ ಜಾಡಿನಲ್ಲಿ ಹುಟ್ಟಿದ ಲ್ಯಾಟಿನ್ ಮೊದಲಾದ ಹೆಣಿಗೆಗಳು. ಕಾರ್ಲ್ ಕ್ರೇಲಿಂಗ್ 1935ರಲ್ಲಿ ಈ ಹಾಳೆಯನ್ನು ಪ್ರಕಟಿಸುವಾಗ ತಾತಿಯಾನನದೆಂದೇ ಪ್ರಕಟಿಸಿದರು, ಮುಂದಿನ ಆರು ದಶಕ ಹೆಚ್ಚಿನವರು ಹಾಗೆಯೇ ನಂಬಿದರು. 1999ರಲ್ಲಿ ಪಾರ್ಕರ್, ಟೇಲರ್ ಮತ್ತು ಗುಡೇಕರ್ ಎಂಬ ಮೂವರು ಇದೇ ಸಾಲುಗಳನ್ನು ಮತ್ತೆ ಓದಿ, ಉಳಿದ ಸಾಕ್ಷಿಗಳೊಡನೆ ಕ್ರಮ ಕೂಡುವುದಿಲ್ಲವೆಂದು, ಇದು ತಾತಿಯಾನನದಲ್ಲ, ಬೇರೆ ಯಾರದೋ ಹೆಣಿಗೆ ಎಂದರು. ಯಾನ್ ಯೋಸ್ಟನ್ 2003ರಲ್ಲಿ ಅದಕ್ಕೆ ಪ್ರತಿವಾದ ಹೂಡಿದರು. ನನಗಂತೂ ಮೂವರ ವಾದವೇ ಹೆಚ್ಚು ತೂಕದ್ದೆನಿಸುತ್ತದೆ. ಎರಡನೆಯ ಶತಮಾನದಲ್ಲಿ ಹೀಗೆ ಹೆಣೆದವನು ತಾತಿಯಾನನೊಬ್ಬನೇ ಎಂದು ಯಾರು ಹೇಳಿದರು?


ಪ್ರಶ್ನಿಸಿದವರ ಮರುಮಾತು
ಇತಿಹಾಸ ಬೋಧಕ, ಮಡಿಕೇರಿ

ಇಬ್ಬರಿಗೂ ಕೃತಜ್ಞತೆ. ಕಾಲ ಮತ್ತು ಕೃತಿಗಳನ್ನು ಬೇರೆಬೇರೆಯಾಗಿ ನೋಡಬೇಕೆಂಬುದು ಸ್ಪಷ್ಟವಾಯಿತು. ಇನ್ನೆರಡು ಸಂಗತಿ ಉಳಿದಿವೆ. ದಿಬ್ಬದ ಮಣ್ಣನ್ನು ನಂತರದ ಶತಮಾನಗಳಲ್ಲಿ ಯಾರಾದರೂ ಅಗೆದು, ಹಾಳೆ ಆಮೇಲೆ ಒಳಸೇರಿರಲಾರದೇ? ಎರಡನೆಯದಾಗಿ, ಹಿಂಬದಿ ಖಾಲಿ ಇದ್ದ ಮಾತ್ರಕ್ಕೆ ಇದು ಸುರುಳಿಯ ತುಂಡು ಎನ್ನುತ್ತಾರಲ್ಲ, ಅದಕ್ಕೇಕೆ ಇಷ್ಟು ಮಹತ್ವ?


ಉತ್ತರ
ಹಸ್ತಪ್ರತಿ ಸಂರಕ್ಷಕ, ಸೋಮವಾರಪೇಟೆ

ಸುರುಳಿಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ನನ್ನ ಕೆಲಸ ಬರಹಕ್ಕಿಂತ ಹೆಚ್ಚಾಗಿ ಬರಹ ಕುಳಿತಿರುವ ವಸ್ತುವಿನ ಜೊತೆ.

ಪಾರ್ಚ್‌ಮೆಂಟ್ ಎಂದರೆ ಬರಹಕ್ಕೆಂದೇ ಸಿದ್ಧಪಡಿಸಿದ, ಈ ಹಾಳೆಯಂಥ ಚರ್ಮ; ಹದ ಮಾಡಿದ ಚಪ್ಪಲಿಯ ತೊಗಲಲ್ಲ. ಕುರಿ, ಆಡು ಅಥವಾ ಕರುವಿನ ಚರ್ಮದ ಕೂದಲನ್ನು ಸಡಿಲಗೊಳಿಸಿ ಉದುರಿಸಿ, ಚೌಕಟ್ಟಿಗೆ ಬಿಗಿದು, ಒದ್ದೆಯಿರುವಾಗಲೇ ಬಾಗಿದ ಕತ್ತಿಯಿಂದ ಹೆರೆಯುತ್ತ, ಬಿಗಿತದಲ್ಲೇ ಒಣಗಿಸುತ್ತಾರೆ. ಒಣಗಿದ ಮೇಲೆ ಅದು ತೆಳ್ಳಗೆ, ಬಿಳುಪಾಗಿ, ತುಸು ಬಿರುಸಾಗಿ ನಿಲ್ಲುತ್ತದೆ. ಕೂದಲಿದ್ದ ಬದಿ ಸ್ವಲ್ಪ ಹಳದಿಗೆ ತಿರುಗಿ, ಹತ್ತಿರ ಹಿಡಿದರೆ ರೋಮದ ಕುಳಿಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಮಾಂಸದ ಬದಿ ನುಣುಪಾಗಿ ಬೆಳ್ಳಗಿರುತ್ತದೆ. ಎರಡೂ ಬದಿಯಲ್ಲಿ ಬರೆಯಬಹುದಾದದ್ದು ಇದರ ದೊಡ್ಡ ಅನುಕೂಲ. ಹಾಗಿರುವಾಗ ಒಂದು ಬದಿಯನ್ನು ಖಾಲಿ ಬಿಟ್ಟಿರುವುದಕ್ಕೆ ಕಾರಣ ಬೇಕು. ಪುಸ್ತಕದಂತೆ ಮಡಚಿ ಹೊಲಿದ ಹಾಳೆಯಾದರೆ ಎರಡೂ ಬದಿ ತುಂಬಿರುತ್ತದೆ; ಸುರುಳಿಯಾದರೆ ಒಳಬದಿಯಲ್ಲಿ ಮಾತ್ರ ಬರೆಯುತ್ತಾರೆ, ಹೊರಬದಿ ಕೈಗೆ ತಾಗಿ ಸವೆಯುತ್ತದೆ.

ಮಹತ್ವ ಬಂದದ್ದು ಏಕೆಂದರೆ ಕ್ರೈಸ್ತರು ತಮ್ಮ ಶಾಸ್ತ್ರಗ್ರಂಥಗಳಿಗೆ ಬಹಳ ಬೇಗನೆ ಹೊಲಿದ ಪುಸ್ತಕವನ್ನೇ ಆರಿಸಿಕೊಂಡರು, ಸುರುಳಿ ಅವರಲ್ಲಿ ಅಪರೂಪ. ಬರ್ಲಿನ್ನಿನಲ್ಲಿರುವ 0189 ಎಂಬ ಹಾಳೆ, ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯದ ಭಾಗ, ಚರ್ಮದ್ದೇ ಆದರೂ ಎರಡೂ ಬದಿ ಬರೆದ ಪುಸ್ತಕದ ಹಾಳೆ. ಅದನ್ನು ಎರಡನೆಯ ಅಥವಾ ಮೂರನೆಯ ಶತಮಾನದ್ದೆಂದು ಪಟ್ಟಿ ಮಾಡುತ್ತಾರೆ, ಆದರೆ ಆ ಕಾಲನಿರ್ಣಯ ಕೈಬರಹದ ಮೇಲೆ ನಿಂತದ್ದು. ದುರಾದಲ್ಲಿ ಚರ್ಮ ಬಳಸಿದ್ದು ಆಶ್ಚರ್ಯವಲ್ಲ. ಪಪೈರಸ್ ಬೆಳೆಯುವುದು ನೈಲ್ ನದಿಯಲ್ಲಿ. ಯೂಫ್ರೆಟಿಸ್ ದಂಡೆಯ ಊರಿಗೆ ಅದನ್ನು ತರಿಸಬೇಕು, ಕುರಿಮಂದೆಯೋ ಊರಿನ ಹೊರಗೇ ಇದೆ. ಪಾರ್ಥಿಯರ ಕಾಲದ ಗ್ರೀಕ್ ಕರಾರುಪತ್ರಗಳನ್ನೂ ಅಲ್ಲಿ ಚರ್ಮದ ಮೇಲೆ ಬರೆದಿದ್ದಾರೆ. ರೋಮನ್ ಸೈನ್ಯದ ಕಚೇರಿಯ ಕಡತಗಳು ಮಾತ್ರ ಹೆಚ್ಚಾಗಿ ಪಪೈರಸ್ಸಿನವು.

ಉಳಿದದ್ದು ಹೇಗೆ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಚರ್ಮದ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಮೇಲಿಟ್ಟ ಬೂಟಿಗೂ ಬೆಲ್ಟಿಗೂ ಬೂಷ್ಟು ಹಿಡಿಯುವ ನಮ್ಮ ಜಿಲ್ಲೆಯಲ್ಲಿ ಇಂಥ ಹಾಳೆಯನ್ನು ಮಣ್ಣಿನಲ್ಲಿ ಹೂತಿದ್ದರೆ ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ಐನ್‌ಮನೆಗಳಲ್ಲಿ ಓಲೆಗರಿ ಉಳಿದಿದ್ದರೆ ಅದು ಒಲೆಯ ಹೊಗೆಯಿಂದ, ಮಜ್ಜಿಗೆ ಹುಲ್ಲಿನ ಎಣ್ಣೆಯಿಂದ, ವರ್ಷಕ್ಕೊಮ್ಮೆ ಬಿಚ್ಚಿ ಬಿಸಿಲಿಗೆ ಹಿಡಿದವರ ಕೈಯಿಂದ. ದುರಾದಲ್ಲಿ ಯಾರ ಆರೈಕೆಯೂ ಇಲ್ಲದೆ ಒಣ ಮಣ್ಣೇ ಆ ಕೆಲಸ ಮಾಡಿದೆ. ಸೈನಿಕರು ಗೋಡೆ ಉಳಿಸಿಕೊಳ್ಳಲು ಸುರಿದ ಮಣ್ಣು ಗೋಡೆಯನ್ನು ಉಳಿಸಲಿಲ್ಲ, ಕಸದಲ್ಲಿ ಬಿದ್ದಿದ್ದನ್ನು ಉಳಿಸಿತು.


ಉತ್ತರ
ಸಿರಿಯನ್ ಪರಂಪರೆಯ ಓದುಗ, ಸಿದ್ದಾಪುರ

ಗೋಣಿಕೊಪ್ಪದವರ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ನಮ್ಮ ಹಿರಿಯರು ಕೇರಳದಿಂದ ಕಾಫಿ ತೋಟದ ಕೆಲಸಕ್ಕೆ ಇಲ್ಲಿಗೆ ಬಂದವರು. ನಮ್ಮ ಆರಾಧನೆಯ ಮೂಲ ಭಾಷೆ ಸಿರಿಯಾಕ್. ಆ ಪರಂಪರೆಯ ಕಡೆಯಿಂದ ನೋಡಿದರೆ, ಯೂಫ್ರೆಟಿಸ್ ತೀರದಲ್ಲಿ, ಸಿರಿಯಾಕ್ ಸಭೆಗಳ ನೆರೆಯಲ್ಲಿ, ಮೂರನೆಯ ಶತಮಾನದ ಮೊದಲರ್ಧದಲ್ಲಿ ಕಾಣುವ ಹೆಣೆದ ಸುವಾರ್ತೆಯನ್ನು ತಾತಿಯಾನನದಲ್ಲ ಎನ್ನಲು ಬಲವಾದ ಕಾರಣ ಬೇಕು. ಆ ಪ್ರದೇಶದಲ್ಲಿ, ಆ ಕಾಲದಲ್ಲಿ ಬಳಕೆಯಲ್ಲಿದ್ದುದಾಗಿ ನಾವು ಹೆಸರು ಹಿಡಿದು ಹೇಳಬಲ್ಲ ಹೆಣಿಗೆ ಅದೊಂದೇ. ಹೆಸರಿಲ್ಲದ ಎರಡನೆಯ ಲೇಖಕನೊಬ್ಬನನ್ನು ಕಲ್ಪಿಸಿಕೊಳ್ಳುವುದು ಸುಲಭ, ಆದರೆ ಅವನಿದ್ದನೆಂಬುದಕ್ಕೆ ಈ ಹಾಳೆಯನ್ನು ಬಿಟ್ಟು ಬೇರೆ ಸಾಕ್ಷಿಯೆಲ್ಲಿದೆ? ಉಳಿದ ಸಾಕ್ಷಿಗಳೊಡನೆ ಕ್ರಮ ಕೂಡುವುದಿಲ್ಲವೆಂಬ ವಾದಕ್ಕೂ ಉತ್ತರವಿದೆ: ಅರಬ್ಬಿ ಅನುವಾದವೂ ಪಶ್ಚಿಮದ ಹೆಣಿಗೆಗಳೂ ಮೂಲಕ್ಕಿಂತ ಶತಮಾನಗಳಷ್ಟು ಈಚಿನವು, ನಡುವೆ ಎಷ್ಟೋ ಕೈಗಳು ಅವನ್ನು ತಿದ್ದಿವೆ. ಈಚಿನ ಪ್ರತಿಯೊಡನೆ ಹೊಂದುವುದಿಲ್ಲವೆಂದು ಹಳೆಯ ಪ್ರತಿಯನ್ನು ಹೊರಗಿಡುವುದು ತಲೆಕೆಳಗಾದ ನ್ಯಾಯ.

ತಾತಿಯಾನನು ಮೊದಲು ಬರೆದದ್ದು ಗ್ರೀಕಿನಲ್ಲೋ ಸಿರಿಯಾಕಿನಲ್ಲೋ ಎಂಬುದು ಇನ್ನೊಂದು ಹಳೆಯ ಜಗಳ. ಹಾಳೆ ಗ್ರೀಕಿನಲ್ಲಿರುವುದರಿಂದ ಮೂಲವೂ ಗ್ರೀಕೇ ಎಂದವರಿದ್ದಾರೆ. ಅರಿಮಥಾಯವೆಂಬ ಊರಿನ ಹೆಸರು ಇದರಲ್ಲಿ ‘ಎರಿನ್‌ಮಥಾಯ’ ಎಂದು ವಿಕಾರಗೊಂಡಿರುವುದನ್ನು ಹಿಡಿದು, ಸಿರಿಯಾಕ್ ಲಿಪಿಯನ್ನು ತಪ್ಪಾಗಿ ಓದಿ ಅನುವಾದಿಸಿದ್ದರ ಗುರುತು ಅದು ಎಂದವರೂ ಇದ್ದಾರೆ. ಆ ಒಂದು ತಪ್ಪಿನ ಮೇಲೆ ಅಷ್ಟು ಭಾರ ಹೊರಿಸುವುದು ನನಗೂ ಸರಿಕಾಣದು. ಗ್ರೀಕ್ ಪ್ರತಿಕಾರನ ಕೈತಪ್ಪೂ ಆಗಿರಬಹುದು.


ಉತ್ತರ
ಗ್ರೀಕ್ ಓದುಗ, ಗೋಣಿಕೊಪ್ಪ

ಸಿದ್ದಾಪುರದವರ ವಾದದಲ್ಲಿ ಸತ್ತ್ವವಿದೆ. ಈಚಿನ ಪ್ರತಿಗಳ ಬಗೆಗಿನ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಆದರೆ ಒಂದೆಡೆ ತೊಡಕಾಗುತ್ತದೆ. ಲೂಕನಲ್ಲಿ ಗಲಿಲಾಯದಿಂದ ಯೇಸುವನ್ನು ಹಿಂಬಾಲಿಸಿ ಬಂದವರು ಆ ಸ್ತ್ರೀಯರೇ. ಈ ಹಾಳೆಯಲ್ಲಿ ಹಿಂಬಾಲಿಸಿದವರು ಬೇರೆ. ಸ್ತ್ರೀಯರು ಅವರ ಮನೆಯವರು, ಪತ್ನಿಯರು ಎಂದು ಓದಬೇಕಾಗುತ್ತದೆ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲದ, ಎಫ್ರೇಮನ ವ್ಯಾಖ್ಯಾನದಿಂದಲೂ ಸಮರ್ಥನೆ ಸಿಗದ ಮಾತು ಅದು. ಹೆಣೆದವನು ಅವಸರದಲ್ಲಿ ಎರಡು ವಾಕ್ಯಗಳನ್ನು ಬೆಸೆದದ್ದರಿಂದ ಹಾಗಾಯಿತೋ, ಬೇಕೆಂದೇ ಹಾಗೆ ಬರೆದನೋ ಎಂಬ ಚರ್ಚೆ ಬೇರೆ. ತಾತಿಯಾನನ ಹೆಸರಿಗೆ ಅದನ್ನು ಅಂಟಿಸುವ ಮುನ್ನ ಮಾತ್ರ ನಾನು ಇನ್ನೊಂದು ಸಾಕ್ಷಿಯನ್ನು ಕೇಳುತ್ತೇನೆ.


ಉತ್ತರ
ಪುರಾತತ್ತ್ವ ವಿದ್ಯಾರ್ಥಿ, ವಿರಾಜಪೇಟೆ

ಮಡಿಕೇರಿಯವರ ಮೊದಲ ಪ್ರಶ್ನೆ, ದಿಬ್ಬವನ್ನು ಆಮೇಲೆ ಯಾರಾದರೂ ಅಗೆದಿರಲಾರರೇ ಎಂಬುದು, ಉತ್ತರವಿಲ್ಲದೆ ಉಳಿದಿದೆ. ನಗರ ಬಿದ್ದ ಮೇಲೆ ಅಲ್ಲಿ ಮತ್ತೆ ಊರು ಕಟ್ಟಲಿಲ್ಲ. 363ರಲ್ಲಿ ಜೂಲಿಯನ್ ಚಕ್ರವರ್ತಿಯ ಸೈನ್ಯ ಆ ದಾರಿಯಲ್ಲಿ ಹಾದುಹೋದಾಗ ಅದು ಪಾಳುಬಿದ್ದಿತ್ತೆಂದು, ಆ ಸೈನ್ಯದಲ್ಲೇ ಇದ್ದ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಗೋಡೆಯ ಬಣ್ಣದ ಚಿತ್ರಗಳು ದಿಬ್ಬದೊಳಗೆ ಹೊಸದರಂತೆ ಉಳಿದದ್ದೇ, ಮಣ್ಣು ದೊಡ್ಡ ಪ್ರಮಾಣದಲ್ಲಿ ಕದಲಿಲ್ಲವೆಂಬುದಕ್ಕೆ ಗುರುತು. ಬ್ರಿಟಿಷ್ ಸೇನೆಯವರು 1920ರಲ್ಲಿ ಕಂದಕ ತೋಡುವಾಗ ಚಿತ್ರಗಳು ಕಂಡವು. ಯೇಲ್ ವಿಶ್ವವಿದ್ಯಾಲಯ ಮತ್ತು ಫ್ರೆಂಚ್ ಅಕಾಡೆಮಿಯವರು ಸೇರಿ 1928ರಿಂದ 1937ರವರೆಗೆ ಉತ್ಖನನ ನಡೆಸಿದರು. ಹಾಳೆ ಸಿಕ್ಕಿದ್ದು ಆ ಉತ್ಖನನದಲ್ಲೇ, ಸಿಕ್ಕ ಜಾಗವನ್ನು ಗುರುತಿಸಿಟ್ಟು, ವ್ಯಾಪಾರಿಯ ಕೈಯಿಂದಲ್ಲ.

ಇಂಗಾಲದ ಪರೀಕ್ಷೆಯಿಂದ ಇನ್ನೂ ಖಚಿತಪಡಿಸಿಕೊಳ್ಳಬಹುದಲ್ಲವೇ ಎಂದು ಮುಂದೆ ಯಾರಾದರೂ ಕೇಳಬಹುದು. ಆ ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಅದೂ ಹಲವು ದಶಕಗಳ ಅಂತರದಲ್ಲಿ, ಬರೆದ ಕಾಲವನ್ನಲ್ಲ. ಮೇಲಿನ ಗಡಿಯನ್ನು ಮಣ್ಣು ಅದಕ್ಕಿಂತ ಬಿಗಿಯಾಗಿಯೇ ಹಾಕಿಕೊಟ್ಟಿದೆ. ಕೆಳಗಿನ ಗಡಿಗಾಗಿ ಅಂಗೈಯಗಲದ ಹಾಳೆಯಿಂದ ಚೂರು ಕತ್ತರಿಸಿ ಸುಡಲು ನಾನಾದರೂ ಒಪ್ಪುವುದಿಲ್ಲ. ಕ್ರೈಸ್ತರ ಆ ಮನೆಯ ಗೋಡೆಯಲ್ಲಿ ಗೀಚಿದ ಒಂದು ವರ್ಷ ಸೆಲ್ಯೂಕಸ್ ಶಕೆಯ 545, ಅಂದರೆ ಕ್ರಿ.ಶ. 232 ಅಥವಾ 233. ಆ ಊರಿನ ಕ್ರೈಸ್ತರ ಬಗ್ಗೆ ನಮಗೆ ಸಿಗುವ ತಾರೀಖು ಅದು; ಹಾಳೆಯನ್ನು ಅದರ ಆಸುಪಾಸಿನಲ್ಲಿಟ್ಟು ನೋಡುವುದು ಸದ್ಯಕ್ಕೆ ಸಾಕು. ಬೈನಿಕಿ ಗ್ರಂಥಾಲಯದ ಜಾಲತಾಣದಲ್ಲಿ ಹಾಳೆಯ ಚಿತ್ರವನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ದೊಡ್ಡದು ಮಾಡಿ ನೋಡಿ: ಗ್ರೀಕ್ ಬಾರದಿದ್ದರೂ ಎರಡಕ್ಷರಗಳ ಮೇಲೆಳೆದ ಆ ಅಡ್ಡಗೆರೆಯನ್ನು ನೀವು ಗುರುತು ಹಿಡಿಯಬಲ್ಲಿರಿ.